ಐದು ನಟ್ಟಿನ ಕೆಂಪು ಕಾರು

ಮಾವನನ್ನು ತನ್ನ ಮನೆಗೆ ಕರೆದುಕೊಂಡು ಹೋಗಲು ಅಕ್ಕ ಭಾನುವಾರ ಬರುವವಳಿದ್ದಳು. ಕೆಂಪು ಕಾರಿನ ಆ ಸಿನಿಮಾದ ಡಬ್ಬಗಳು ನನ್ನ ಮೇಜಿಗೆ ಬಂದದ್ದು ಅದೇ ವಾರದ ಬುಧವಾರ.

ನಾನು ಹಳೆಯ ಸಿನಿಮಾಗಳ ಉಗ್ರಾಣದಲ್ಲಿ ಕೆಲಸ ಮಾಡುತ್ತೇನೆ. ಉದ್ದನೆಯ ಮೇಜು, ಅದರ ಎರಡು ತುದಿಗಳಲ್ಲಿ ಕೈಯಿಂದ ತಿರುಗಿಸುವ ಎರಡು ಗಾಲಿ, ನಡುವೆ ಹಾಲುಬಣ್ಣದ ಗಾಜು, ಅದರ ಕೆಳಗೊಂದು ದೀಪ. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಎಡಗಡೆಯ ಸುರುಳಿಯನ್ನು ಬಲಗಡೆಗೆ ಸುತ್ತುತ್ತ ಹೋಗಬೇಕು. ಫಿಲ್ಮು ಎಲ್ಲಿ ಹರಿದಿದೆ, ಎಲ್ಲಿ ಅಂಟು ಬಿಟ್ಟಿದೆ, ಎಷ್ಟು ಕುಗ್ಗಿದೆ, ಎಷ್ಟು ಹುಳಿ ವಾಸನೆ ಹೊಡೆಯುತ್ತಿದೆ ಎಂದು ಕಾರ್ಡಿನಲ್ಲಿ ಬರೆಯಬೇಕು. ಕೆಡತೊಡಗಿದ ಫಿಲ್ಮು ವಿನೆಗರಿನ ಹಾಗೆ ನಾರುತ್ತದೆ. ನಮ್ಮ ಮೇಲ್ವಿಚಾರಕಿಗೆ ಅದು ಹಜಾರದ ಆ ಕೊನೆಯಿಂದಲೇ ಗೊತ್ತಾಗುತ್ತದೆ. ಅವರ ಬೆನ್ನ ಹಿಂದೆ ನಾವು ಅವರನ್ನು ಮೂಗಮ್ಮ ಎನ್ನುತ್ತೇವೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬಾಯಿ ಬಿಡದೆ ಮಾಡಬಹುದಾದ ಕೆಲಸ. ‘ನಿನಗೆ ಹೇಳಿ ಮಾಡಿಸಿದ್ದು’ ಎಂದು ಅಕ್ಕ ಹಂಗಿಸುತ್ತಾಳೆ.

ಮನೆಯಲ್ಲೂ ಹಾಗೆಯೇ. ಬೀದಿಯ ಕಡೆಗಿನ ಕೋಣೆ ಮಾವನದು, ಹಿಂದಿನದು ನನ್ನದು. ನಡುವೆ ಅಡುಗೆಮನೆ. ಅಲ್ಲಿ ಎದುರಾದಾಗ ‘ಊಟ ಆಯ್ತಾ?’ ‘ಆಯ್ತು.’ ‘ನಲ್ಲಿ ಸೋರ್ತಾ ಇದೆ.’ ‘ನೋಡ್ತೀನಿ.’ ಇಷ್ಟೇ. ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಯಾರಾದರೂ ಬಂದು ಬಿಡಿಸುತ್ತಿದ್ದರು. ಅಮ್ಮ ಇದ್ದಾಗ ನಮ್ಮಿಬ್ಬರ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಎಷ್ಟು ದೊಡ್ಡದೆಂದು ತಿಳಿಯಿತು. ಈಗ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು, ನಾನು ಸಂಜೆ ಬರುವವರೆಗೆ ಅಲ್ಲೇ ಗೋಡೆಗೆ ಒರಗಿ ಕೂತಿದ್ದ. ಅದನ್ನು ಕೇಳಿದ ಅಕ್ಕ ಫೋನಿನಲ್ಲೇ ತೀರ್ಮಾನ ಮಾಡಿದಳು.

“ನೀವಿಬ್ರೂ ಒಂದೇ ಸೂರಿನ ಕೆಳಗೆ ಎರಡು ಕಂಬ ನಿಂತ ಹಾಗೆ ನಿಂತಿದೀರಿ. ಕಂಬ ಬಿದ್ರೆ ಇನ್ನೊಂದು ಕಂಬ ಎತ್ತುತ್ತಾ? ಮಾವ ನನ್ನ ಹತ್ರ ಬರಲಿ. ಕಣ್ಣಿನ ಆಪರೇಷನ್ನೂ ಇಲ್ಲೇ ಮಾಡ್ಸೋಣ. ನೀನೇನಂತೀಯಾ?”

ಬೇಡ, ಅವನು ಇಲ್ಲೇ ಇರಲಿ ಎನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. “ಮಾವನ್ನ ಕೇಳು” ಎಂದೆ. ಮಾವ “ಅವನನ್ನ ಕೇಳು” ಎಂದನಂತೆ. ಹೀಗೆ ಅದು ತೀರ್ಮಾನವಾಗಿಹೋಯಿತು.

ಮೊದಲು ನಾವು ಹೀಗಿರಲಿಲ್ಲ.

ಅಪ್ಪ ತೀರಿಕೊಂಡು, ಅಮ್ಮನ ತಮ್ಮನಾದ ಮಾವ ನಮ್ಮ ಜೊತೆ ಇರಲು ಬಂದಾಗ ನನಗೆ ಎಂಟು ವರ್ಷ. ಅವನು ಗ್ಯಾರೇಜಿನಲ್ಲಿ ಟಿಂಕರ್. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಸುತ್ತಿಗೆಯಿಂದ ಬಡಿದು ಮೊದಲಿನ ಆಕಾರಕ್ಕೆ ತರುವವನು. ಯಾವತ್ತೋ ಸುತ್ತಿಗೆಯ ಪೆಟ್ಟು ಬಿದ್ದು ಅವನ ಎಡಗೈಯ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆಯಾಗಿತ್ತು, ಉಗುರಿರಲಿಲ್ಲ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹಳೆಯ ಸಿನಿಮಾ ಹಾಕುತ್ತಿದ್ದರು. ಕಥೆ ನಮಗೆ ಬೇಕಿರಲಿಲ್ಲ. ನಾಯಕ ಸತ್ತರೂ ನಾವು ಕಣ್ಣೀರು ಹಾಕುತ್ತಿರಲಿಲ್ಲ. ನಾವು ಕಾಯುತ್ತಿದ್ದದ್ದು ಇಟಲಿಯ ಕಾರುಗಳಿಗಾಗಿ: ಫೆರಾರಿ, ಮಸೆರಾಟಿ, ಆಲ್ಫಾ ರೋಮಿಯೋ, ಲಾನ್ಸಿಯಾ. ಹೋಟೆಲಿನ ಮುಂದೆ ನಿಂತಿರುವುದು, ತಿರುವಿನಲ್ಲಿ ಮಿಂಚಿ ಮಾಯವಾಗುವುದು, ಯಾರದೋ ಮದುವೆಯ ದೃಶ್ಯದ ಹಿಂದೆ ಅರ್ಧ ಮಾತ್ರ ಕಾಣುವುದು.

ಆಟದ ನಿಯಮವನ್ನು ಮಾವನೇ ಮಾಡಿದ್ದ. ಮೊದಲು ಕಂಡವನು ತನ್ನ ಮೊಣಕಾಲಿಗೆ ಎರಡು ಸಲ ತಟ್ಟಬೇಕು. ಕಾರು ಪರದೆಯ ಮೇಲಿರುವಷ್ಟು ಹೊತ್ತು ತುಟಿ ಬಿಚ್ಚಬಾರದು. ಅದು ಮರೆಯಾದ ಮೇಲೆ ಹೆಸರು, ಆಮೇಲೆ ಕಾರಣ: ದೀಪ ಹೀಗಿತ್ತು, ಮುಂದಿನ ಜಾಲರಿ ಹಾಗಿತ್ತು, ಚಕ್ರದ ಕಡ್ಡಿಗಳು ಇಂಥವು. “ಒಳ್ಳೇ ಕಾರು ಹೋಗ್ತಿರುವಾಗ ಮಾತಾಡೋದು, ಊಟಕ್ಕೆ ಕೂತೋನ ತಲೆ ಮೇಲೆ ಧೂಳು ಗುಡಿಸಿದ ಹಾಗೆ ಕಣೋ” ಎನ್ನುತ್ತಿದ್ದ. ಅವನಿಗೆ ಕಣ್ಣಿಗಿಂತ ಕಿವಿ ಚುರುಕು. ಕಾರು ಬರುವ ಮೊದಲೇ ಸದ್ದು ಕೇಳಿ ತಟ್ಟುತ್ತಿದ್ದ. ಎಷ್ಟೋ ಸಲ ಸಿನಿಮಾದವರು ಬೇರೆ ಯಾವುದೋ ಎಂಜಿನ್ನಿನ ಸದ್ದು ಸೇರಿಸಿರುತ್ತಿದ್ದರು. ಆಗ, “ಥೂ! ಮೈ ಇಟಲಿದು, ಗಂಟಲು ಲಾರಿದು!” ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದ. ನೋಟುಬುಕ್ಕಿನಲ್ಲಿ ಸಿನಿಮಾದ ಹೆಸರು, ಎಷ್ಟನೆಯ ನಿಮಿಷ, ಯಾವ ಕಾರು ಎಂದು ನಾನು ಬರೆಯುತ್ತಿದ್ದೆ. ಹನ್ನೊಂದು ವರ್ಷಗಳಲ್ಲಿ ಇನ್ನೂರ ಹನ್ನೆರಡು ಕಾರುಗಳಾದವು.

ಇನ್ನೂರ ಹದಿಮೂರನೆಯದು ಬಂದ ಭಾನುವಾರ ನನಗೆ ಹತ್ತೊಂಬತ್ತು. ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಕಾರುಗಳ ಒಂದು ದಪ್ಪ ಪುಸ್ತಕ ಸಿಕ್ಕಿತ್ತು. ಅರೆಬೆಂದ ವಿದ್ಯೆ ತಲೆಗೇರಿತ್ತು. ಸಿನಿಮಾದಲ್ಲಿ ಸಮುದ್ರದ ಪಕ್ಕದ ರಸ್ತೆಯಲ್ಲಿ ಕೆಂಪು ಬಣ್ಣದ, ಮೇಲೆ ಮುಚ್ಚಳವಿಲ್ಲದ, ಎರಡೇ ಸೀಟಿನ ಕಾರು ಬಂತು. ಒಂದು ಮನೆಯ ಮುಂದೆ ನಿಂತಿತು. ನಾಯಕ ಅದರಲ್ಲೇ ಕೂತು, ಮೆಟ್ಟಿಲ ಮೇಲೆ ನಿಂತ ನಾಯಕಿಯ ಜೊತೆ ಮಾತಾಡಿದ. ನಾನು ತಟ್ಟಿದೆ. ಮಾವ ತಟ್ಟಲಿಲ್ಲ. ಅದು ಮರೆಯಾಗುತ್ತಿದ್ದಂತೆ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.

“ನಕಲಿ! ಫೆರಾರಿನೂ ಅಲ್ಲ ಗಿರಾರಿನೂ ಅಲ್ಲ. ಅಸಲಿ ಚಕ್ರಕ್ಕೆ ನಡುವೆ ಒಂದೇ ಒಂದು ದೊಡ್ಡ ನಟ್ಟು ಇರುತ್ತೆ, ಇದಕ್ಕೆ ಐದು ಸಣ್ಣ ನಟ್ಟು. ಮುಂದಿನ ಮಡ್‌ಗಾರ್ಡ್ ನೋಡಿ, ಬಾಸುಂಡೆ ಎದ್ದ ಹಾಗಿದೆ. ಯಾವನೋ ತಗಡು ಬಡಿಯೋನು ಕತ್ತೆಗೆ ಕುದುರೆ ವೇಷ ಹಾಕಿ ಕಳಿಸಿದಾನೆ!”

ಅಮ್ಮ ನಕ್ಕಳು. ಮಾವನೂ ನಕ್ಕ. “ಪಂಡಿತ ಆಗಿಬಿಟ್ಟೆ ಬಿಡೋ” ಎಂದು ಹೇಳಿ, ಹಾಲು ಉಕ್ಕೀತು ಎಂದು ಅಡುಗೆಮನೆಗೆ ಎದ್ದು ಹೋದ. ಒಲೆಯ ಮೇಲೆ ಹಾಲು ಇರಲಿಲ್ಲ. ಮುಂದಿನ ಭಾನುವಾರ ಗ್ಯಾರೇಜಿನಲ್ಲಿ ಕೆಲಸವಿದೆ ಎಂದ. ಅದರ ಮುಂದಿನದಕ್ಕೆ ತಲೆನೋವು. ನಾನೂ ಪರೀಕ್ಷೆ, ಸ್ನೇಹಿತರು ಎಂದು ಹೊರಗೆ ಇರತೊಡಗಿದೆ. ಅವನಿಗೆ ಆಟ ಬೇಸರ ಬಂದಿರಬೇಕು ಎಂದುಕೊಂಡೆ. ಅವನನ್ನು ‘ನೀನು’ ಎನ್ನುತ್ತಿದ್ದವನು ಯಾವಾಗ ‘ನೀವು’ ಎನ್ನತೊಡಗಿದೆನೋ ನೆನಪಿಲ್ಲ. ಅವನೂ ಅದನ್ನು ತಡೆಯಲಿಲ್ಲ.

ಹದಿನಾರು ವರ್ಷದ ಮೇಲೆ ಬುಧವಾರ ಡಬ್ಬದ ಮೇಲಿನ ಹೆಸರು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಐದು ನಟ್ಟುಗಳೇ.

ಮೂರನೆಯ ಸುರುಳಿಯಲ್ಲಿ ಆ ದೃಶ್ಯ ಬಂತು. ಗಾಲಿ ತಿರುಗಿಸುವುದನ್ನು ನಿಲ್ಲಿಸಿ ಭೂತಗನ್ನಡಿ ಹಿಡಿದೆ. ಬಣ್ಣ ಮಾಸಿ ಕೆಂಪು ಕಾರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಚಕ್ರದ ಮೇಲೆ ಕನ್ನಡಿ ಇಟ್ಟು ನಟ್ಟುಗಳನ್ನು ಎಣಿಸಿದೆ. ಐದು. ಹತ್ತೊಂಬತ್ತರ ಹುಡುಗ ಹೇಳಿದ್ದು ಸರಿಯೇ ಇತ್ತು ಎಂದು ಒಳಗೊಳಗೇ ಖುಷಿಯಾಯಿತು. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕನ್ನಡಿಯನ್ನು ಎತ್ತುವಾಗ, ಚಕ್ರದ ಪಕ್ಕ, ಬಾಗಿಲಿನ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಕಂಡವು.

ಸಿನಿಮಾದ ಕ್ಯಾಮರಾ ಹಿಡಿಯುವಷ್ಟನ್ನೂ ನಾವು ನೋಡುವುದಿಲ್ಲ. ಚಿತ್ರಮಂದಿರದಲ್ಲಿ ತೋರಿಸುವಾಗ ಫ್ರೇಮಿನ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ ಮರೆಮಾಡುತ್ತಾರೆ. ಟಿವಿಯಲ್ಲೂ ಈ ಸಿನಿಮಾವನ್ನು ಹಾಗೆ ಕತ್ತರಿಸಿಯೇ ಹಾಕಿದ್ದರು. ಮೇಜಿನ ಮೇಲೆ ಮಾತ್ರ ಇಡೀ ಫ್ರೇಮು ಕಾಣುತ್ತದೆ. ಮೈಕು, ದೀಪದ ಕಂಬ, ಯಾರದೋ ಚಪ್ಪಲಿ ಎಲ್ಲ ಆ ಪಟ್ಟಿಗಳಲ್ಲಿರುತ್ತವೆ. ಈ ಫ್ರೇಮಿನ ಕೆಳಗಿನ ಪಟ್ಟಿಯಲ್ಲಿ, ಕಾರಿನ ಪಕ್ಕದ ನೆಲದ ಮೇಲೆ, ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ಎಡಗೈ ಮೇಲೆತ್ತಿ ಬಾಗಿಲನ್ನು ಕೆಳಗಿನಿಂದ ಹಿಡಿದಿದ್ದ. ಬಾಗಿಲಿನ ಚಿಲಕ ಕೆಟ್ಟಿರಬೇಕು, ಹಿಡಿಯದಿದ್ದರೆ ತೆರೆದುಕೊಂಡುಬಿಡುತ್ತಿತ್ತು. ಮೇಲೆ ನಾಯಕ ನಗುತ್ತಿದ್ದ. ಕೆಳಗೆ ಇವನು ಹಿಡಿದೇ ಇದ್ದ. ಸುತ್ತುತ್ತ ಹೋದೆ. ಐನೂರಕ್ಕೂ ಹೆಚ್ಚು ಫ್ರೇಮುಗಳು, ಇಪ್ಪತ್ತೆರಡು ಸೆಕೆಂಡು. ಕೊನೆಗೆ ನಾಯಕ ಬಾಗಿಲು ತೆರೆಯುವಾಗ ಇವನು ಕೈ ಬಿಟ್ಟು ಹೊರಳಿದ. ಆರು ಫ್ರೇಮುಗಳಲ್ಲಿ ಮುಖ ಕಂಡಿತು. ತೆಳ್ಳಗಿನ ಮೀಸೆ, ಹಣೆಯ ಮೇಲೆ ಬಿದ್ದ ಕೂದಲು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬಹುದು. ಅವನು ನಾಯಕನನ್ನು ನೋಡುತ್ತಿರಲಿಲ್ಲ, ಕ್ಯಾಮರಾವನ್ನೂ ನೋಡುತ್ತಿರಲಿಲ್ಲ. ಮುಂದಿನ ಮಡ್‌ಗಾರ್ಡನ್ನು ನೋಡುತ್ತಿದ್ದ. ಬಿಟ್ಟ ಕೈಯ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆಯಾಗಿತ್ತು.

ಕೈಗವಸು ತೆಗೆದಿಟ್ಟೆ. ಮರೆತೇಹೋಗಿದ್ದ ವಿವರಗಳು ಒಂದೊಂದಾಗಿ ಬಂದವು. ಆ ಭಾನುವಾರ ಮಾವ ಬೆಳಗ್ಗೆಯೇ ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನನ್ನ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ತಾನೇ ಎಳೆದಿಟ್ಟಿದ್ದ. ಅಮ್ಮನನ್ನು, “ಬಾರಕ್ಕ, ಇವತ್ತೊಂದು ದಿನ ನೀನೂ ಕೂತ್ಕೋ” ಎಂದು ಕರೆದಿದ್ದ. ನಾನು ಅವತ್ತು ಇದೆಲ್ಲವನ್ನೂ ನೋಡಿಯೂ ಗಮನಿಸಿರಲಿಲ್ಲ. ಹನ್ನೊಂದು ವರ್ಷ ಪರದೆಯ ಮೇಲಾಗಲಿ ಪಕ್ಕದಲ್ಲಾಗಲಿ ಚಕ್ರ, ದೀಪ, ಜಾಲರಿ ಬಿಟ್ಟು ಇನ್ನೇನನ್ನೂ ನೋಡದ ಕಣ್ಣು ನನ್ನದು. ಇವತ್ತೂ ಅಷ್ಟೇ, ಆ ಕೈ ಚಕ್ರದ ಪಕ್ಕ ಇರದಿದ್ದರೆ ಸುರುಳಿ ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದೆ.

ಈ ವರ್ಷ ನಲವತ್ತು ಸಿನಿಮಾಗಳನ್ನು ಮಾತ್ರ ಹೊಸದಾಗಿ ನಕಲು ಮಾಡುತ್ತಾರೆ. ಕಾರ್ಡಿನಲ್ಲಿ ‘ನಕಲಿಗೆ ಶಿಫಾರಸು’ ಎಂದು ಬರೆದು, ಕೆಳಗೆ ‘ಇಡೀ ಫ್ರೇಮು, ಪಟ್ಟಿ ಕತ್ತರಿಸಬಾರದು’ ಎಂದು ಸೇರಿಸಿದೆ. ಮೂಗಮ್ಮ ಕಾರ್ಡು ಹಿಡಿದುಕೊಂಡು ಬಂದರು.

“ಏನ್ರೀ ಇದು? ಮೂರನೇ ದರ್ಜೆ ಸಿನಿಮಾ. ವಾಸನೆ ಬೇರೆ ಶುರುವಾಗಿದೆ. ಇದಕ್ಕೆ ಇಡೀ ಫ್ರೇಮು ಯಾಕೆ?”

“ಮೂರನೇ ಸುರುಳೀಲಿ ಒಂದು ಕಾರಿದೆ, ಮೇಡಂ.”

“ನಿಮ್ಮ ಕಾರಿನ ಹುಚ್ಚು ನನಗೆ ಗೊತ್ತು. ಈ ಕಾರಲ್ಲಿ ನಿಮ್ಮ ಸಂಬಂಧಿಕರೇನಾದ್ರೂ ಕೂತಿದಾರಾ?”

“ಕೂತಿಲ್ಲ ಮೇಡಂ. ಮಲಗಿದಾರೆ.”

ಅವರು ನನ್ನ ಮುಖ ನೋಡಿದರು. ಬಗ್ಗಿ ಕನ್ನಡಿಯಲ್ಲಿ ನೋಡಿದರು. ಎದ್ದು ನಿಂತು, ಏನೂ ಕೇಳದೆ ಕಾರ್ಡಿಗೆ ಸಹಿ ಹಾಕಿದರು. “ಶನಿವಾರ ಮಧ್ಯಾಹ್ನ ಇಲ್ಲಿ ಯಾರೂ ಇರಲ್ಲ” ಎಂದಷ್ಟೇ ಹೇಳಿ ಹೋದರು.

ಬುಧವಾರ ಸಂಜೆ ಹೇಳಲಾಗಲಿಲ್ಲ. ಮಾವ ಬಟ್ಟೆಗಳನ್ನು ಮಂಚದ ಮೇಲೆ ಹರಡಿಕೊಂಡು, ಯಾವುದು ಅಂಗಿ ಯಾವುದು ಟವೆಲ್ಲು ಎಂದು ಮುಟ್ಟಿ ನೋಡಿ ಮಡಚುತ್ತಿದ್ದ. ಗುರುವಾರ ಬಾಗಿಲವರೆಗೆ ಹೋಗಿ, ನಲ್ಲಿ ರಿಪೇರಿಯಾಯಿತು ಎಂದು ಹೇಳಿ ಬಂದೆ. ಶುಕ್ರವಾರ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದೆ.

“ನಾಳೆ ನನ್ನ ಕೆಲಸದ ಜಾಗಕ್ಕೆ ಬರ್ತೀರಾ?”

“ನಾನಾ? ಯಾಕೆ, ಅಲ್ಲೇನಾದ್ರೂ ಡೆಂಟ್ ಆಗಿದೆಯಾ?”

“ಹೂಂ. ಆಗಿದೆ.”

ಶನಿವಾರ ಬಸ್ಸಿನಲ್ಲಿ ಹೋದೆವು. ಇಳಿಯುವಾಗ ಅವನ ಮೊಣಕೈ ಹಿಡಿದೆ. ಅಷ್ಟು ತೆಳ್ಳಗಾಗಿತ್ತೆಂದು ಗೊತ್ತಿರಲಿಲ್ಲ. ಉಗ್ರಾಣದ ಬಾಗಿಲು ದಾಟಿದ ಕೂಡಲೇ ಮೂಗು ಮುರಿದ.

“ಏನೋ ಇದು, ಉಪ್ಪಿನಕಾಯಿ ಕಾರ್ಖಾನೆಯೇನೋ?”

ಮೇಜಿನ ಮುಂದೆ ಕೂರಿಸಿ ಕೈಗವಸು ಕೊಟ್ಟೆ. ಎಡಗೈಯ ಹೆಬ್ಬೆರಳು ಒಳಗೆ ಹೋಗಲಿಲ್ಲ. “ಇದಕ್ಕೆ ಅಳತೆ ಕೊಟ್ಟು ಹೊಲಿಸಬೇಕು” ಎಂದು ಕೈಗವಸನ್ನು ತೊಡೆಯ ಮೇಲಿಟ್ಟುಕೊಂಡ. ನಾನು ಸುರುಳಿ ಸುತ್ತಿ ಆ ಜಾಗಕ್ಕೆ ತಂದೆ. ನಿಲ್ಲಿಸಿ, ನನ್ನ ಮೊಣಕಾಲಿಗೆ ಎರಡು ಸಲ ತಟ್ಟಿದೆ.

ಮಾವನ ತಲೆ ಚಕ್ಕನೆ ನನ್ನ ಕಡೆಗೆ ತಿರುಗಿತು. ನಿಧಾನವಾಗಿ ಬಗ್ಗಿ ಕನ್ನಡಿಗೆ ಕಣ್ಣು ಹಚ್ಚಿದ. ಒಂದು ಕಣ್ಣು, ಆಮೇಲೆ ಇನ್ನೊಂದು. ಅವನ ಉಸಿರಿಗೆ ಗಾಜು ಮಂಜಾಯಿತು. ನಾನು ಒರೆಸಿದೆ. ಮತ್ತೆ ಬಗ್ಗಿದ.

“ಇಲ್ಲ ಕಣೋ” ಎಂದ ಕೊನೆಗೆ. “ಹಾಲಲ್ಲಿ ಏನೋ ಕೆಂಪಗೆ ಬಿದ್ದ ಹಾಗಿದೆ. ಅಷ್ಟೇ ಕಾಣೋದು.”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಟ್ಟೆ ಮುಟ್ಟಿ ಮಡಚುತ್ತಿದ್ದವನನ್ನು ಮೂರು ದಿನ ನೋಡಿಯೂ, ಅವನಿಗೆ ಒಂದು ಹೆಬ್ಬೆರಳಗಲದ ಚಿತ್ರ ತೋರಿಸಲು ಕರೆತಂದಿದ್ದೆ. ದೀಪ ಉರಿಯುತ್ತಿತ್ತು. ಕಾರು ಗಾಜಿನ ಮೇಲೆ ಇತ್ತು. ಕಾರು ಇರುವಾಗ ಮಾತಾಡಬಾರದು. ನಾನು ಮಾತಾಡಿದೆ.

“ಕಾರು ನಿಂತಿದೆ, ಮಾವ. ಕೆಂಪು, ಎರಡೇ ಸೀಟು. ಹಿಂದೆ ಮೂರು ಮೆಟ್ಟಿಲು. ನಾಯಕ ಒಳಗೆ ಕೂತು ನಗ್ತಿದಾನೆ. ಚಿಲಕ ಕೆಟ್ಟಿದೆ. ಬಾಗಿಲ ಕೆಳಗೆ ಒಬ್ಬ ಮಲಗಿದಾನೆ. ಎಡಗೈಯಿಂದ ಬಾಗಿಲು ಹಿಡ್ಕೊಂಡಿದಾನೆ. ಅಂಗಿ ತೋಳು ಮಡಚಿದಾನೆ. ಸಣ್ಣ ಮೀಸೆ. ಅವನ ಹೆಬ್ಬೆರಳು…”

ಮಾವ ಎಡಗೈಯನ್ನು ಮೇಜಿನ ಅಂಚಿನ ಕೆಳಗೆ ಹಾಕಿ, ಮೇಲಕ್ಕೆ ಒತ್ತಿ ಹಿಡಿದಿದ್ದ. ಹಿಡಿದಿದ್ದೇನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

“ಚಿಲಕ ಕೆಟ್ಟಿರಲಿಲ್ಲ” ಎಂದ ಆಮೇಲೆ. “ಚಿಲಕಾನೇ ಇರಲಿಲ್ಲ. ಹಾಕೋಕೆ ಪುರಸೊತ್ತು ಕೊಡಲಿಲ್ಲ. ಸಿನಿಮಾದವರು ಹಳೇ ಟ್ಯಾಕ್ಸಿ ತಂದು ನಿಲ್ಲಿಸಿ, ಹನ್ನೊಂದು ದಿನದಲ್ಲಿ ಫೆರಾರಿ ಮಾಡು ಅಂದ್ರು. ಕೈಯಲ್ಲಿ ಒಂದು ಫೋಟೋ. ಅದೂ ಪಕ್ಕದಿಂದ ತೆಗೆದಿದ್ದು. ಮುಂಭಾಗ ಹೇಗಿದೆ ಅಂತ ಕೇಳಿದ್ರೆ, ನೀನೇ ಊಹಿಸ್ಕೋ ಅಂದ್ರು.”

“ಹೇಳಬಾರದಿತ್ತಾ, ಮಾವ? ಅವತ್ತೇ ಹೇಳಬಾರದಿತ್ತಾ?”

“ನಿಯಮ ಇತ್ತಲ್ಲೋ. ಕಾರು ಹೋದ ಮೇಲೆ ಹೇಳೋಣ ಅಂತ ಕೂತಿದ್ದೆ. ಹೋಗೋಷ್ಟರಲ್ಲಿ ನೀನೇ ಹೇಳ್ಬಿಟ್ಟೆ.” ನಕ್ಕ. “ನೀನು ಹೇಳಿದ್ದು ಸುಳ್ಳಲ್ಲ. ಮಡ್‌ಗಾರ್ಡ್ ದಪ್ಪ ಆಗಿತ್ತು. ಅಲ್ಲಿ ಮಲಗಿದ್ದಾಗಲೇ ಕಂಡಿತು. ಇನ್ನೆರಡು ದಿನ ಕೊಟ್ಟಿದ್ರೆ ಇಳಿಸ್ತಿದ್ದೆ. ಆಮೇಲೆ ಎಷ್ಟು ವರ್ಷ, ಮಲಗಿದಾಗೆಲ್ಲ ಅದನ್ನ ಮನಸ್ಸಲ್ಲೇ ಬಡಿದು ಬಡಿದು ಇಳಿಸಿದೀನಿ.”

“ನಾಳೆ ಹೋಗಬೇಡ, ಮಾವ” ಎಂದೆ. “ನೀನು ಇಲ್ಲೇ ಇರು.”

ಮಾವ ಮೇಜಿನ ಕೆಳಗಿನಿಂದ ಕೈ ತೆಗೆದ. ಆ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಉಜ್ಜುತ್ತ ಕೂತ. ಹೊರಗಿನ ಹಜಾರದಲ್ಲಿ ಯಾರೋ ಬೀಗ ಹಾಕುವ ಸದ್ದಾಯಿತು.

“ಮೊನ್ನೆ ಬಚ್ಚಲಲ್ಲಿ ಆರು ಗಂಟೆ ಕೂತಿದ್ದೆ, ಗೊತ್ತಾ?” ಎಂದ. “ನೀನು ಬಂದು ಎತ್ತಿದೆ. ಪೆಟ್ಟಾಯ್ತಾ ಅಂದೆ, ನಾನು ಇಲ್ಲ ಅಂದೆ. ಆಮೇಲೆ ನೀನು ನಿನ್ನ ಕೋಣೆಗೆ ಹೋದೆ, ನಾನು ನನ್ನ ಕೋಣೆಗೆ ಹೋದೆ. ಆ ಆರು ಗಂಟೆಗಿಂತ ಅದು ಭಾರ ಆಯ್ತು ಕಣೋ. ಬ್ಯಾಗು ಕಟ್ಟಿ ಆಯ್ತು. ಹೋಗಿ ಬರ್ತೀನಿ ಬಿಡು.”

ಭಾನುವಾರ ಅಕ್ಕ ಬಂದಳು. ಅವಳೊಬ್ಬಳೇ ಮನೆ ತುಂಬ ಮಾತಾಡಿದಳು. ಮಾವ ಒಂದು ಬ್ಯಾಗು, ಒಂದು ಛತ್ರಿ ಹಿಡಿದು ಹೊಸ್ತಿಲಲ್ಲಿ ನಿಂತು, “ನಲ್ಲಿ ಮತ್ತೆ ಸೋರ್ತಾ ಇದೆ, ಪಂಡಿತ” ಎಂದ. “ನೋಡ್ತೀನಿ” ಎಂದೆ. ಅವರು ಹೋದ ಮೇಲೆ ಅವನ ಕೋಣೆಯ ಬಾಗಿಲು ಮುಚ್ಚಬೇಕೋ ತೆರೆದಿಡಬೇಕೋ ತಿಳಿಯದೆ ಅರ್ಧ ಎಳೆದು ಬಿಟ್ಟೆ. ಆ ವಾರವೆಲ್ಲ ಅದು ಹಾಗೇ ಇತ್ತು. ನಲ್ಲಿಯನ್ನೂ ಸರಿ ಮಾಡಲಿಲ್ಲ. ತೊಟ್ಟಿಕ್ಕುವ ಸದ್ದು ಇದ್ದರೆ ಇರಲಿ ಎನಿಸಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಟಿವಿ ಹಾಕಿದೆ. ಯಾವುದೋ ಹಳೆಯ ಸಿನಿಮಾ. ಎರಡು ಕುರ್ಚಿಗಳನ್ನೂ ಎಳೆದಿಟ್ಟಿದ್ದೆ. ಆಮೇಲೆ ಹುಚ್ಚುತನ ಎನಿಸಿ ಒಂದರ ಮೇಲೆ ಒಗೆದ ಬಟ್ಟೆ ಹಾಕಿದೆ. ಅರ್ಧ ಗಂಟೆಯಾದ ಮೇಲೆ ಹೋಟೆಲೊಂದರ ಮುಂದೆ ಒಂದು ಕಾರು ಬಂದು ನಿಂತಿತು. ಬೂದುಬಣ್ಣವೋ ನೀಲಿಯೋ. ಒಬ್ಬ ಹೆಂಗಸು ಇಳಿದಳು. ಕಾರು ಹೊರಟುಹೋಯಿತು. ಆಗ ಫೋನು ಬಂತು.

“ಯಾವುದೋ ಅದು?” ಮಾವನ ದನಿ. ಹಿಂದೆ ಅದೇ ಸಿನಿಮಾದ ಸದ್ದು. “ಈಗ ಹೋಯ್ತಲ್ಲ! ಗಂಟಲು ಕೇಳಿದ್ರೆ ಲಾನ್ಸಿಯಾ ಅನ್ನಿಸ್ತು. ನಿನ್ನ ಅಕ್ಕನ್ನ ಕೇಳಿದ್ರೆ ‘ಅದು ಕಾರು’ ಅಂತಾಳೆ. ಚಕ್ರ ಹೇಗಿತ್ತು, ಹೇಳು.”

“ನೋಡಲಿಲ್ಲ, ಮಾವ.”

“ನೋಡಲಿಲ್ವಾ? ಟಿವಿ ಮುಂದೆ ಕೂತು ಮತ್ತೇನು ನೋಡ್ತಿದ್ದೆ?”

ಪರದೆಯ ಕೆಳಗಿನ ಅಂಚನ್ನು ನೋಡುತ್ತಿದ್ದೆ. ಚಿತ್ರ ಮುಗಿದು ಟಿವಿಯ ಕಪ್ಪು ಕಟ್ಟು ಶುರುವಾಗುವ ಜಾಗವನ್ನು. ಅದರ ಕೆಳಗೆ, ಹೋಟೆಲಿನ ಮುಂದಿನ ನೆಲದ ಮೇಲೆ, ಯಾರಾದರೂ ಇದ್ದರೋ ಏನೋ.

ನಮ್ಮ ಟಿವಿಯಲ್ಲಿ ಹೋಟೆಲಿನ ಬಾಗಿಲು ಮುಚ್ಚಿತು. ಒಂದು ಗಳಿಗೆ ತಡವಾಗಿ, ಫೋನಿನಲ್ಲಿ ಅದೇ ಬಾಗಿಲು ಇನ್ನೊಮ್ಮೆ ಮುಚ್ಚಿತು.

“ಅವಳು ಹೋಟೆಲಿಗೆ ಬಂದಿದಾಳೆ ಅಂದ್ಮೇಲೆ ಹೊರಗೆ ಹೋಗಲೇಬೇಕಲ್ಲ” ಎಂದ ಮಾವ. “ಮತ್ತೆ ಬರುತ್ತೆ ಆ ಕಾರು. ಈ ಸಲ ಸರಿಯಾಗಿ ನೋಡು. ಫೋನ್ ಇಡಬೇಡ.”